ಬೆರಳು ಎಲ್ಲಿತ್ತು

ನನ್ನ ಗಂಡ ಜನಾರ್ದನ ಪಿಸ್ತೂಲನ್ನು ಸೊಂಟದ ಹೋಲ್‌ಸ್ಟರ್‌ಗೆ ಇಳಿಸುವಾಗ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಕುಕ್ಕರ್ ಕೂಗುವ ಹಾಗಿದ್ದರೆ ನಾನು ಓಡಿಹೋಗಿ ಗ್ಯಾಸ್ ಸಣ್ಣ ಮಾಡುತ್ತಿದ್ದೆ. ಸೈನ್ಯದಿಂದ ನಿವೃತ್ತರಾದ ಮೇಲೆ ಅವರು ಅಹಮದಾಬಾದಿನ ವಟ್ವಾದಲ್ಲಿ ಬಣ್ಣದ ಕಾರ್ಖಾನೆಯ ಸೇಠರಿಗೆ ಅಂಗರಕ್ಷಕರಾಗಿದ್ದರು. ಬೆಳಗಾವಿ ಕಡೆಯಿಂದ ನಾನೂ ಅತ್ತೆಯೂ ಅವರ ಹಿಂದೆಯೇ ಬಂದಿದ್ದೆವು.

ಬಾಗಿಲ ಮೂಲೆಯಲ್ಲಿ ಮರಳು ತುಂಬಿದ ಬಕೆಟ್ ಇತ್ತು. ಅದರ ಕಡೆಗೇ ನಳಿಗೆ ಹಿಡಿದು ಗುಂಡು ತುಂಬುತ್ತಿದ್ದರು. ತೋರುಬೆರಳು ಎಂದೂ ಟ್ರಿಗರ್ ಮೇಲೆ ಇರುತ್ತಿರಲಿಲ್ಲ. ಪಿಸ್ತೂಲಿನ ಮಗ್ಗುಲಿಗೆ ಉದ್ದಕ್ಕೆ ಚಾಚಿಕೊಂಡಿರುತ್ತಿತ್ತು. ಎಡಗೈಯಿಂದ ಅಂಗಿಯ ಅಂಚು ಸರಿಸಿ, ಹೋಲ್‌ಸ್ಟರ್‌ನ ಬಾಯಿಯನ್ನು ಬಗ್ಗಿ ನೋಡಿ, ಆಮೇಲೆ ಮೆಲ್ಲಗೆ ಇಳಿಸುವುದು.

"ತಗಿಯೋದಕ್ಕ ಅವಸರ ಇರಬಹುದು, ಇಡೋದಕ್ಕ ಎಂದೂ ಅವಸರ ಇರಂಗಿಲ್ಲ," ಎನ್ನುತ್ತಿದ್ದರು. "ನಡುವ ಏನರ ತಡದ್ರ ನೂಕಬಾರ್ದು. ಹೊರಗ ತಗದು ನೋಡಬೇಕು."

ಅತ್ತೆಗೆ ನಗು. "ನೋಡವಾ, ಕೂಸಿನ್ನ ತೊಟ್ಟಲಾಗ ಹಾಕಿದಂಗ ಮಾಡ್ತಾನ!"

"ಕೂಸು ಎದ್ರ ಅದಷ್ಟ ಅಳತೈತಿ ಅವ್ವಾ. ಇದು ಎದ್ರ ನಾವು ಅಳಬೇಕಾಗತೈತಿ."

ನವರಾತ್ರಿಯ ಒಂಬತ್ತನೆಯ ದಿನ ನಮ್ಮಲ್ಲಿ ಖಂಡೇಪೂಜೆ, ಆಯುಧಗಳಿಗೆ ಪೂಜೆ. ಊರಲ್ಲಿ ಕುಡುಗೋಲು, ಕೊಡಲಿ, ಕುಂಟೆ ಇಡುತ್ತಿದ್ದೆವು. ಇಲ್ಲಿ ನನ್ನ ಹೊಲಿಗೆ ಮಶೀನು, ಈಳಿಗೆ ಮಣೆ, ಅವರ ಪಿಸ್ತೂಲು. ಗುಂಡು ತೆಗೆದು, ಮತ್ತೊಮ್ಮೆ ನೋಡಿಯೇ ಕೊಟ್ಟಿದ್ದರು. ಅತ್ತೆ ಎಲ್ಲಕ್ಕೂ ಕುಂಕುಮ ಹಚ್ಚಿ, ಹೋಲ್‌ಸ್ಟರ್‌ನ ಕೊರಳಿಗೆ ಕೆಂಪು ದಾರ ಸುತ್ತಿ ಕಟ್ಟಿದರು.

"ಅಲ್ಲಿ ಬ್ಯಾಡ ಅವ್ವಾ. ಬಾಯಿ ಹತ್ರ ಏನೂ ಇರಬಾರ್ದು."

"ನಿನ್ನ ಜೀವಾ ಕಾಯಲಿ ಅಂತ ಕಟ್ಟೀನಿ. ನಾಳೆ ಬನ್ನಿ ಕೊಟ್ಟ ಮ್ಯಾಲೆ ಬಿಚ್ಚು. ಹಬ್ಬದಾಗ ಹರೀಬಾರ್ದು."

ಇವರು ನನ್ನ ಮುಖ ನೋಡಿದರು. ನಾನು ಆರತಿ ತಟ್ಟೆ ಎತ್ತಿಕೊಂಡೆ. ದಾರವನ್ನು ಬೆರಳಿನಿಂದ ಕೆಳಗೆ ಒತ್ತಿ ಸರಿಸಿಟ್ಟರು.

ಮಾರನೆಯ ದಿನ ದಸರಾ. ಓಣಿಯ ತುಂಬ ಫಾಫಡಾ, ಜಿಲೇಬಿ ಕೊಳ್ಳುವವರ ಸಾಲು. ಅತ್ತೆ ಗುಡಿಗೆ ಹೋಗಿದ್ದರು. ಕಾರ್ಖಾನೆಯಲ್ಲಿ ಪೂಜೆ ಇತ್ತು, ಇವರು ಬೇಗ ಹೋಗಬೇಕಿತ್ತು. ಅವರ ಮೇಲ್ವಿಚಾರಕ ಪದ್ಮನಾಭಣ್ಣ, ಮೈಸೂರಿನ ಕಡೆಯವರು, ಕೆಳಗೆ ಜೀಪು ನಿಲ್ಲಿಸಿ ಹಾರ್ನ್ ಹೊಡೆದರು.

ಇವರು ಮರಳಿನ ಕಡೆ ನಿಂತು ಗುಂಡು ತುಂಬಿದರು. ಅಂಗಿ ಸರಿಸಿದರು. ಹೋಲ್‌ಸ್ಟರ್ ಬಾಯಿ ನೋಡಿದರು, ನಾನೂ ನೋಡಿದೆ. ದಾರ ಹೊರಗಡೆಯೇ ಕಂಡಿತು. ಅದರ ಸಡಿಲವಾದ ಒಂದು ಸುತ್ತು ಒಳಗೆ ಜಾರಿದ್ದು ಇಬ್ಬರಿಗೂ ಕಾಣಲಿಲ್ಲ. ಪಿಸ್ತೂಲು ಅರ್ಧಕ್ಕೆ ತಡೆಯಿತು. ಹಾರ್ನ್ ಮತ್ತೆ ಕೇಳಿತು.

ನೂಕಿದರು.

ಸದ್ದಿಗೆ ಕಿವಿ ಮುಚ್ಚಿಹೋಯಿತು. ಗೋಡೆಗೆ ಒರಗಿ ಕೂತರು. ತೊಡೆಯಿಂದ ರಕ್ತ ಉಕ್ಕುತ್ತಿತ್ತು. ನಾನು ದುಪಟ್ಟಾ ಉಂಡೆ ಮಾಡಿ ಎರಡೂ ಕೈಯಿಂದ ಒತ್ತಿ ಹಿಡಿದೆ. ಅವರು ಪಿಸ್ತೂಲನ್ನು ಹೊರಗೆಳೆದು ನೋಡಿದರು. ಟ್ರಿಗರ್‌ಗೆ ದಾರದ ಕುಣಿಕೆ ಸಿಕ್ಕಿಕೊಂಡಿತ್ತು. ಆಗಲೂ ಅವರ ಬೆರಳು ಮಗ್ಗುಲಿಗೇ ಚಾಚಿತ್ತು. ದಾರ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡರು.

"ಅವ್ವಗ ಹೇಳಬ್ಯಾಡ," ಎಂದರು. "ಏನ ಆದ್ರೂ ಹೇಳಬ್ಯಾಡ."

ಪದ್ಮನಾಭಣ್ಣ ಮೇಲೆ ಓಡಿಬಂದು, ಹೊತ್ತು ಜೀಪಿನಲ್ಲಿ ಮಲಗಿಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಮುಷ್ಟಿ ಸಡಿಲವಾಯಿತು. ರಕ್ತದ ಬಟ್ಟೆಗಳ ಜೊತೆ ಆ ದಾರವೂ ಎಲ್ಲಿ ಹೋಯಿತೋ.

ದಿನಕರ್ಮ ಮುಗಿದ ಮೇಲೆ ಪದ್ಮನಾಭಣ್ಣ ಮನೆಗೆ ಬಂದರು. ನೀರು ಕೊಟ್ಟರೆ ಕುಡಿಯಲಿಲ್ಲ.

"ತಂಗೀ, ಹೇಗೆ ಕೇಳಬೇಕೋ ತಿಳೀತಿಲ್ಲ. ಪಿಸ್ತೂಲು ಇಡುವಾಗ ಬೆರಳು ಟ್ರಿಗರ್ ಮೇಲಿತ್ತು, ಅವರದೇ ಅಜಾಗರೂಕತೆ ಅಂತ ಆಫೀಸಿನವರು ಹೇಳ್ತಿದಾರೆ. ಹೊಸ ಹುಡುಗರಿಗೆ ಆಗಲೇ ಅವರ ಹೆಸರು ಹೇಳಿ ಪಾಠ ಮಾಡೋಕೆ ಶುರು ಮಾಡಿದಾರೆ."

"ನನ್ನ ಮಗನ ಹೆಸರು?" ಅತ್ತೆ ಎದ್ದು ನಿಂತರು. "ಅವನ ಕಡಿಂದ ಮಂದಿ ಕಲೀತಿದ್ರು! ಹೇಳ ವಿಂಧ್ಯಾ. ನೀ ಎದುರಿಗೇ ಇದ್ದಿ. ಬೆರಳು ಎಲ್ಲಿತ್ತು ಹೇಳು ಇವರಿಗೆ."

ಪದ್ಮನಾಭಣ್ಣ ನನ್ನ ಕಡೆ ತಿರುಗಿದರು. "ಬೆರಳು ಟ್ರಿಗರ್‌ನಿಂದ ಹೊರಗಿತ್ತು ಅಂದ್ರೆ ನಾನೇ ಹೋರಾಡ್ತೀನಿ. ಆದ್ರೆ ಟ್ರಿಗರ್ ತನ್ನಷ್ಟಕ್ಕೆ ಎಳಕೊಳ್ಳಲ್ಲವಲ್ಲ. ಹೋಲ್‌ಸ್ಟರ್ ಒಳಗೆ ಏನಿತ್ತು ಅಂತ ಹುಡುಕ್ತಾರೆ. ನಿಮ್ಮಿಬ್ಬರನ್ನೂ ಕೂರಿಸಿ ಕೇಳ್ತಾರೆ."

"ಕೇಳಲಿ!" ಎಂದರು ಅತ್ತೆ. "ನಾ ಕೈಯಾರೆ ದಾರ ಕಟ್ಟಿದ್ದೆ. ದೇವರೂ ಕಾಯಲಿಲ್ಲ, ಈಗ ನೀವೂ…"

ನಾನು ನೆಲ ನೋಡುತ್ತ ನಿಂತೆ. ಮೊದಲಿನಿಂದಲೂ ನನಗೆ ಮಾತು ಕಡಿಮೆ. ಅವರಿಗೆ ಹೇಳಿದ್ದು ಎರಡೇ ಪದ.

"ಬೆರಳು ಒಳಗಿತ್ತು."

ಪದ್ಮನಾಭಣ್ಣ ನನ್ನನ್ನೇ ನೋಡಿದರು. ಏನೋ ಕೇಳಲು ಹೋಗಿ, ಬಿಟ್ಟರು. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲು ಇಳಿದರು.

ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಅವನ ಜೀವಾನೂ ನೀ ಉಳಿಸಿಕೊಳ್ಳಲಿಲ್ಲ," ಎಂದರು. "ಹೆಸರರ ಉಳಸ್ತಿ ಅಂದ್ಕೊಂಡಿದ್ದೆ. ನಾಳೆ ನನ್ನ ಊರಿನ ರೈಲಿಗೆ ಹತ್ತಿಸು. ನಿನ್ನ ಮಾರಿ ನೋಡಾಕ ನನ್ನ ಕಡೆ ಆಗೂದಿಲ್ಲ."

"ಹೂಂ ಅತ್ತಿ," ಎಂದೆ.

ಬೆಳಗಿನಿಂದ ಅವರ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಗರಿಗರಿ ಕಟಿರೊಟ್ಟಿ, ಶೇಂಗಾ ಚಟ್ನಿ, ಮೊಸರು ತಾಟಿಗೆ ಹಾಕಿ ಮುಂದಿಟ್ಟೆ. ಗೋಡೆಯ ಕಡೆ ತಿರುಗಿ ಕೂತರು. ನಾನು ಎದುರಿಗಿದ್ದರೆ ಉಣ್ಣುವುದಿಲ್ಲವೆಂದು ಅಡುಗೆಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಕತ್ತಲಲ್ಲಿ ನಿಂತೆ.

ಬಹಳ ಹೊತ್ತಾದ ಮೇಲೆ ರೊಟ್ಟಿ ಮುರಿದ ಸದ್ದು ಕೇಳಿಸಿತು.