ಚೆಂಡಿಲ್ಲದವನು

ಅದೇ ಡಿಕ್ಕಿಯನ್ನು ಫ್ಲೇವಿಯಾ ಹನ್ನೊಂದನೆಯ ಸಲ ನೋಡುತ್ತಿದ್ದಳು. ಪರದೆಯ ಮೇಲೆ ನೀಲಿ ಅಂಗಿಯವನು ಚೆಂಡನ್ನು ಎದೆಗವಚಿಕೊಂಡು ಓಡಿ ಬರುತ್ತಿದ್ದ. ಎದುರಿನಿಂದ ಬಂದವನ ಭುಜ ಅವನ ಪಕ್ಕೆಗೆ ಬಡಿಯುತ್ತಿತ್ತು. ಎರಡೂ ಕಾಲು ನೆಲ ಬಿಟ್ಟು ಅವನು ಬೆನ್ನಡಿಯಾಗಿ ಅಪ್ಪಳಿಸುತ್ತಿದ್ದ. ಬಿದ್ದವನು ಎದ್ದು, ಬೀಳಿಸಿದವನ ಬೆನ್ನು ತಟ್ಟಿ ಹೋಗುವ ನಾಲ್ಕು ಸೆಕೆಂಡು ಕೊನೆಯಲ್ಲಿತ್ತು. ಅದು ಬೇಡವೆನಿಸಿ ಕತ್ತರಿಸಿದಳು.

ದೋಹಾದ ಬಿನ್ ಒಮ್ರಾನ್ ಬಡಾವಣೆಯ ಅವಳ ಆಫೀಸಿನಲ್ಲಿದ್ದದ್ದು ಏಳೇ ಜನ. ಸಂಗೀತ ಸಂಜೆಯಿಂದ ಹಿಡಿದು ಕಾರಿನ ಪ್ರದರ್ಶನದವರೆಗೆ ಯಾರು ಏನು ಒಪ್ಪಿಸಿದರೂ ಏರ್ಪಾಡು ಮಾಡಿಕೊಡುವ ಕಂಪನಿ, ಪ್ರಚಾರದ ಹೊಣೆ ಅವಳದು. ಈ ಸಲ ಒಪ್ಪಿಕೊಂಡದ್ದು ರಗ್ಬಿ ಲೀಗ್ ಎಂಬ ಆಟದ ಪಂದ್ಯಗಳು. ಹೊರದೇಶದ ಎರಡು ತಂಡ, ರಯ್ಯಾನ್ ಕಡೆಯ ಒಂದು ಮೈದಾನ, ನಾಲ್ಕು ಸಾವಿರ ಕುರ್ಚಿ. ಐದೇ ವಾರ ಉಳಿದಿದ್ದರೂ ಟಿಕೆಟು ಹೋಗದೆ ಕುರ್ಚಿಗಳು ಹೆಚ್ಚುಕಡಿಮೆ ಖಾಲಿಯಾಗಿಯೇ ಇದ್ದವು. ಈ ಊರಿನ ಜನಕ್ಕೆ ಗೊತ್ತಿರುವುದು ಒಂದೇ ಚೆಂಡು, ಫುಟ್‌ಬಾಲಿನವರನ್ನು ಎಳೆದು ತರದಿದ್ದರೆ ಖಲಾಸ್ ಎಂದಿದ್ದ ಮ್ಯಾನೇಜರ್ ರೂಬೆನ್. ಹಾಗೆ ಹೇಳುವಾಗ ಅವನು ನೋಡಿದ್ದು ಫ್ಲೇವಿಯಾಳನ್ನು. ಅವಳ ಗಂಡ ಕೆನೆತ್ ಕರಾವಳಿಯವರ ಫುಟ್‌ಬಾಲ್ ಬಳಗದಲ್ಲಿದ್ದದ್ದು ಆಫೀಸಿಗೆಲ್ಲ ಗೊತ್ತಿತ್ತು.

ಆ ಬಳಗ ಪ್ರತಿ ಶುಕ್ರವಾರ ಬೆಳಿಗ್ಗೆ ಮುಐದರ್‌ನಲ್ಲಿ, ವಿಲ್ಲಾಗಳ ಹಿಂದಿನ ಮಣ್ಣಿನ ಬಯಲಿನಲ್ಲಿ ಆಡುತ್ತಿತ್ತು. ಉಡುಪಿಯವರು, ಮಂಗಳೂರಿನವರು, ಕಾಸರಗೋಡಿನವರು, ಎಲ್ಲ ಸೇರಿ ಅರುವತ್ತು ಎಪ್ಪತ್ತು ಜನ. ಸ್ಟೇಡಿಯಮ್ಮಿನಲ್ಲಿ ಯಾವ ಪಂದ್ಯವಿದ್ದರೂ ಗುಂಪಾಗಿ ಹೋಗಿ ಬೊಬ್ಬೆ ಹಾಕಿ ಬರುವವರು. ಫ್ಲೇವಿಯಾ ಅವರಿಗಾಗಿ ಒಂದು ಚೀಟಿ ಬರೆದು ಕೊಂಡುಹೋದಳು. ತಂಡಕ್ಕೆ ಹದಿಮೂರು ಜನ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಹಿಂದಕ್ಕೆ ಮಾತ್ರ ಎಸೆಯಬಹುದು. ಆರು ಸಲ ಹಿಡಿದು ಬೀಳಿಸಿದ ಮೇಲೆ ಚೆಂಡು ಎದುರಾಳಿಗೆ. ಭುಜದಿಂದ ಮೇಲೆ ಕೈ ಹೋಗಕೂಡದು. ಚೆಂಡಿಲ್ಲದವನನ್ನು ಮುಟ್ಟಕೂಡದು.

ಟ್ರಕ್ ಓಡಿಸುವ ಬ್ಯಾರಿ ರಹ್ಮತ್ ಚೀಟಿ ಓದಿ, "ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವುದು ಎಂತ ಆಟ ಅಕ್ಕ, ಮೀನು ಮಾರ್ಕೆಟಿಂದ ಓಡಿದ ಹಾಗೆ" ಎಂದ. ಎಲ್ಲರೂ ನಕ್ಕರು. ಆಗ ಅವಳು ತನ್ನ ಫೋನಿನಲ್ಲಿದ್ದ ಆ ಡಿಕ್ಕಿಯನ್ನು ತೋರಿಸಿದಳು. ನಗು ನಿಂತಿತು. ಫೋನು ಕೈಯಿಂದ ಕೈಗೆ ಹೋಯಿತು. ಮರಳಿ ಬರಲು ಕಾಲು ಗಂಟೆ ಹಿಡಿಯಿತು. ಇವರಿಗೆ ಏನು ಬೇಕೆಂದು ಅವಳಿಗೆ ಅರ್ಥವಾಗಿತ್ತು.

ಬಳಗದವರನ್ನೇ ಎರಡು ತಂಡ ಮಾಡಿ, ದೊಡ್ಡ ಪಂದ್ಯಕ್ಕೆ ಮೊದಲು ಇಪ್ಪತ್ತು ನಿಮಿಷ ಅವರಿಂದಲೇ ಆಡಿಸುವ ಯೋಚನೆ ಅವಳದು. ತಮ್ಮವರು ಆಡುತ್ತಾರೆಂದರೆ ನೋಡಲು ಊರೇ ಬರುತ್ತದೆ. ಕಲಿಸಲು ಎಲೈಜಾ ಒಪ್ಪಿದ. ಪಪುವಾ ನ್ಯೂಗಿನಿಯ ಆ ದಪ್ಪ ಕುತ್ತಿಗೆಯ ಮನುಷ್ಯ ಇಲ್ಲಿ ಒಂದು ಜಿಮ್ಮಿನಲ್ಲಿ ತರಬೇತಿ ಕೊಡುತ್ತಿದ್ದ. ಅವನ ಊರಿನವರಿಗೆ ಈ ಆಟವೆಂದರೆ ಪ್ರಾಣ. ಹೊಸಬರು ಬರೀ ಮುಟ್ಟುವ ಆಟ ಆಡಲಿ, ಬೀಳಿಸುವುದು ಬೇಡ, ಬೀಳಿಸಲು ಕಲಿಯುವುದಕ್ಕೆ ವರ್ಷ ಬೇಕು ಎಂದು ಅವನು ಪಟ್ಟು ಹಿಡಿದ. ಮುಟ್ಟಾಟ ನೋಡಲು ಯಾರು ಬರುತ್ತಾರೆ ಎಂದ ರೂಬೆನ್. ಇಬ್ಬರೂ ಫ್ಲೇವಿಯಾಳ ಮುಖ ನೋಡಿದರು. ಅವಳು ರೂಬೆನ್ ಹೇಳಿದ್ದೇ ಸರಿ ಎಂದಳು.

ಕೆನೆತ್ ಹೆಸರು ಕೊಡುತ್ತಾನೆಂದು ಅವಳು ಎಣಿಸಿರಲಿಲ್ಲ. ನಲವತ್ಮೂರು ವರ್ಷದ, ಮೆಲ್ಲ ಮಾತಿನ, ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿ ಕೂರುವ ಮನುಷ್ಯ ಅವನು. ಇಂಡಸ್ಟ್ರಿಯಲ್ ಏರಿಯಾದ ಒಂದು ಗೋದಾಮಿನಲ್ಲಿ ಹನ್ನೆರಡು ವರ್ಷದಿಂದ ಸ್ಟೋರ್‌ಕೀಪರ್. ಜನವರಿಯಲ್ಲಿ ಅವನ ಮೇಲಿನ ಜಾಗ ಖಾಲಿಯಾದಾಗ ಅದು ಸುಶಾಂತ್‌ಗೆ ಹೋಯಿತು. ಸುಶಾಂತ್‌ನನ್ನು ದೋಹಾಕ್ಕೆ ಕರೆಸಿ, ಕೆಲಸ ಕೊಡಿಸಿ, ಎರಡು ತಿಂಗಳು ದೋಹಾ ಅಲ್ ಜದೀದಾದ ತಮ್ಮ ಮನೆಯ ಹಾಲಿನಲ್ಲಿ ಮಲಗಿಸಿಕೊಂಡವನೇ ಕೆನೆತ್. ಮಾರ್ಚಿನಲ್ಲಿ ಒಂದು ದಿನ ತಪ್ಪು ಟ್ರಕ್ಕಿಗೆ ಸರಕು ಏರಿತೆಂದು ಸುಶಾಂತ್ ಎಲ್ಲ ಲೋಡರ್‌ಗಳ ಎದುರು ಬೊಬ್ಬೆ ಹಾಕಿ, ಕೆನೆತ್ ಕುಳಿತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಒದ್ದ. ಕೆನೆತ್ ನೆಲಕ್ಕೆ ಬಿದ್ದ. ಕೆಲವರು ನಕ್ಕರು. ಇದನ್ನು ಫ್ಲೇವಿಯಾಳಿಗೆ ಹೇಳಿದ್ದು ಆ ಗೋದಾಮಿಗೂ ಟ್ರಕ್ ತರುವ ರಹ್ಮತ್. ಗಂಡನನ್ನು ಕೇಳಿದರೆ, ಸಣ್ಣ ವಿಷಯ, ಅವನಿಗೂ ಮೇಲಿನವರ ಒತ್ತಡ ಉಂಟು ಎಂದು ಊಟ ಮುಂದುವರಿಸಿದ್ದ.

ಬಳಗದವನೇ ಆದ ಸುಶಾಂತ್ ಕೂಡ ಆಡಲು ಹೆಸರು ಕೊಟ್ಟಿದ್ದ. ಪಟ್ಟಿ ಮಾಡುವ ದಿನ ಕೆನೆತ್ ಒಂದೇ ಮಾತು ಕೇಳಿದ. ಸುಶಾಂತ್ ಇರುವ ತಂಡದಲ್ಲಿ ತನ್ನನ್ನು ಹಾಕಬಾರದು. ಅದು ಸಹಜವೆಂದು ಅವಳಿಗೆ ತೋರಿತು. ಸುಶಾಂತ್‌ನನ್ನು ಕೆಂಪಿಗೆ, ಕೆನೆತ್‌ನನ್ನು ಹಳದಿಗೆ ಬರೆದಳು.

ಅಭ್ಯಾಸಕ್ಕೆ ಹೋಗತೊಡಗಿದ ಮೇಲೆ ಕೆನೆತ್ ಬದಲಾದ. ತೋಳಿನಲ್ಲಿ, ಪಕ್ಕೆಯಲ್ಲಿ ನೀಲಿಗಟ್ಟಿದ ಗುರುತು ಹೊತ್ತು ಮನೆಗೆ ಬರುತ್ತಿದ್ದ. ಮಗಳು ಪರ್ಲ್‌ಗೆ ಅವನ್ನು ಒಂದೊಂದಾಗಿ ತೋರಿಸಿ ನಗುತ್ತಿದ್ದ. ಎರಡು ಪಾಲು ಅನ್ನ ಉಣ್ಣುತ್ತಿದ್ದ, ತಲೆ ಇಟ್ಟ ಕೂಡಲೇ ನಿದ್ದೆ ಹೋಗುತ್ತಿದ್ದ. ಒಂದು ಸಂಜೆ ಅವಳು ನೋಡಲು ಹೋದಾಗ ಎಲೈಜಾ ಹಿಡಿದು ನಿಂತ ದಪ್ಪ ಮೆತ್ತೆಗೆ ಅವನು ಓಡಿ ಬಂದು ಭುಜ ಕೊಟ್ಟ. ಎಲೈಜಾನಂಥ ಎಲೈಜಾ ಎರಡು ಹೆಜ್ಜೆ ಹಿಂದೆ ಸರಿದ. ಮತ್ತೆ ಬಂದ, ಮತ್ತೆ ಕೊಟ್ಟ. ಸಾಕೆಂದರೂ ನಿಲ್ಲಿಸಲಿಲ್ಲ. ಹೀಗೆ ಬೆವರಿ, ಕಣ್ಣು ಹೊಳೆಯುತ್ತ ನಿಂತ ಗಂಡ ಅವಳಿಗೆ ಇಷ್ಟವಾದ. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಪಂದ್ಯದ ದಿನ ಮೂರು ಸಾವಿರಕ್ಕೂ ಹೆಚ್ಚು ಜನ ಬಂದರು. ಮಲಯಾಳಿಗಳು ಚೆಂಡೆ ತಂದಿದ್ದರು. ಫುಟ್‌ಬಾಲ್ ತಂಡಗಳ ಅಂಗಿ ತೊಟ್ಟವರೇ ಎಲ್ಲೆಲ್ಲೂ. ಆಡುವವರ ಹೆಸರು ಕೂಗಿದಾಗ ಗ್ಯಾಲರಿ ಎದ್ದು ನಿಂತಿತು. ರೂಬೆನ್ ಫ್ಲೇವಿಯಾಳ ಕೈ ಹಿಡಿದು ಕುಲುಕಿದ.

ಮೊದಲ ಹತ್ತು ನಿಮಿಷ ಆಟವೆನ್ನುವುದಕ್ಕಿಂತ ಹೊಡೆದಾಟದಂತಿತ್ತು. ಯಾರಿಗೂ ನಿಯಮ ಸರಿಯಾಗಿ ನೆನಪಿರಲಿಲ್ಲ. ಒಬ್ಬನ ಹುಬ್ಬು ಒಡೆದು ರಕ್ತ ಕೆನ್ನೆಗಿಳಿಯಿತು. ಇನ್ನೊಬ್ಬ ಹಲ್ಲು ಕೈಯಲ್ಲಿ ಹಿಡಿದು ಹೊರಗೆ ಬಂದ. ಹುಲ್ಲಿನ ಮೇಲೆ ಮೈ ಮೈಗೆ ಬಡಿಯುವ ಪ್ರತಿ ಸದ್ದಿಗೂ ಚೆಂಡೆಯ ಒಂದು ಏಟು ಬೀಳುತ್ತಿತ್ತು. ಸೀಟಿ ಊದಿ ಊದಿ ಸೋತಿದ್ದ ಎಲೈಜಾ ಮಧ್ಯಂತರದಲ್ಲಿ ಫ್ಲೇವಿಯಾಳ ಬಳಿ ಬಂದು ಇಷ್ಟಕ್ಕೇ ನಿಲ್ಲಿಸೋಣ ಎಂದ. ಅವಳು ರೂಬೆನ್ ಕಡೆ ನೋಡಿದಳು. ರೂಬೆನ್ ಗ್ಯಾಲರಿಯ ಕಡೆ ಕೈ ತೋರಿಸಿ, ಯಲ್ಲಾ, ನಡೀಲಿ, ಇನ್ನು ಹತ್ತು ನಿಮಿಷ ಎಂದ.

ಮುಗಿಯಲು ಎರಡು ನಿಮಿಷವಿತ್ತು. ಫ್ಲೇವಿಯಾ ಗೆರೆಯ ಬದಿಯಲ್ಲಿ ನೀರಿನ ಬಾಟಲಿಗಳ ಹತ್ತಿರ ನಿಂತಿದ್ದಳು. ಚೆಂಡು ಹಿಡಿದ ಸುಶಾಂತ್ ಅವಳ ಕಡೆಗೇ ಓಡಿ ಬಂದ, ಹಿಂದಿದ್ದವನಿಗೆ ಚೆಂಡು ಎಸೆದ, ಎಸೆದು ಅದು ಸೇರಿತೋ ಎಂದು ತಿರುಗಿ ನೋಡಿದ. ಕೈ ಖಾಲಿಯಾಗಿತ್ತು. ಕೆನೆತ್ ಬಹಳ ದೂರದಿಂದ ಓಡಿ ಬರುತ್ತಿದ್ದ. ಚೆಂಡು ಹೋದದ್ದನ್ನು ಅವನು ನೋಡಿದ್ದನ್ನು ಫ್ಲೇವಿಯಾ ನೋಡಿದಳು. ಅವನು ಓಟ ತಗ್ಗಿಸಲಿಲ್ಲ. ಮೊಣಕೈ ಮಡಚಿ ಮುಂದೋಳನ್ನು ಸುಶಾಂತ್‌ನ ದವಡೆಗೆ ಬೀಸಿದ.

ಒಣ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಸುಶಾಂತ್‌ನ ತಲೆ ಮೊದಲು ಹಿಂದಕ್ಕೆ ಹೋಯಿತು, ಮೈ ಆಮೇಲೆ. ಬಿದ್ದವನ ಒಂದು ಕೈ ಗಾಳಿಯಲ್ಲಿ ಸೆಟೆದು ನಿಂತು ನಡುಗಿತು. ಬಾಯಿಂದ ಬಂದ ರಕ್ತದಲ್ಲಿ ಗುಳ್ಳೆಗಳಿದ್ದವು. ಅಷ್ಟು ಹೊತ್ತಿನಲ್ಲಿ ಎದ್ದ ಎಲ್ಲ ಬೊಬ್ಬೆಗಿಂತ ದೊಡ್ಡ ಬೊಬ್ಬೆ ಆಗ ಗ್ಯಾಲರಿಯಿಂದ ಎದ್ದಿತು. ಚೆಂಡೆಗಳೆಲ್ಲ ಒಟ್ಟಿಗೆ ಹೊಡೆದುಕೊಂಡವು. ಕೆನೆತ್ ಬಿದ್ದವನ ಮೇಲೆ ಬಗ್ಗಿದ. ಎಬ್ಬಿಸಲು ಬಗ್ಗಿದನೆಂದೇ ಎಲ್ಲರಿಗೂ ಕಂಡಿರಬೇಕು. ಐದು ಹೆಜ್ಜೆ ದೂರದಲ್ಲಿದ್ದ ಫ್ಲೇವಿಯಾಳಿಗೆ ಮಾತ್ರ ಅವನು ಮೆಲ್ಲಗೆ ಹೇಳಿದ್ದು ಕೇಳಿತು.

"ಈಗ ಹಾಕು ಬೊಬ್ಬೆ."

ಸ್ಟ್ರೆಚರ್ ಬಂತು. ಎಲೈಜಾ ಕೆನೆತ್‌ನ ಅಂಗಿ ಹಿಡಿದು ಹೊರಕ್ಕೆ ದಬ್ಬಿದ. ಗ್ಯಾಲರಿ ಕೆನೆತ್‌ನ ಹೆಸರು ಕೇಳಿ ತಿಳಿದುಕೊಂಡು ಕೂಗುತ್ತಿತ್ತು. ಆಮೇಲೆ ದೊಡ್ಡ ಪಂದ್ಯ ಶುರುವಾಯಿತು. ಯಾರೂ ಎದ್ದು ಹೋಗಲಿಲ್ಲ.

ಆಸ್ಪತ್ರೆಯಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಫ್ಲೇವಿಯಾಳನ್ನು ಕುಳ್ಳಿರಿಸಿ, ಇದು ಆಟವೋ ಜಗಳವೋ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅವಳು ಆಟ ಎಂದಳು. ಅವನು ಬರೆದುಕೊಂಡ, ಅವಳು ಸಹಿ ಹಾಕಿದಳು. ಪೆನ್ನು ಮರಳಿಸಿ ಎದ್ದಳು.

ಕಾರಿಡಾರಿನ ಕೊನೆಯ ಕುರ್ಚಿಯಲ್ಲಿ ಸುಶಾಂತ್‌ನ ಹೆಂಡತಿ ಗ್ರೀಷ್ಮಾ ಕೂತಿದ್ದಳು. ದವಡೆ ಎರಡು ಕಡೆ ಮುರಿದಿದೆ, ತಂತಿ ಬಿಗಿದು ಆರು ವಾರ ಬಾಯಿ ತೆರೆಯದ ಹಾಗೆ ಕಟ್ಟುತ್ತಾರೆ, ಕುತ್ತಿಗೆಗೆ ಏನೂ ಆಗಿಲ್ಲವಂತೆ ಎಂದು ಅವಳು ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. ಮಡಿಲಿನಲ್ಲಿ ಗಂಡನ ಕೆಂಪು ಅಂಗಿ ಪ್ಲಾಸ್ಟಿಕ್ ಚೀಲದಲ್ಲಿತ್ತು. ಫ್ಲೇವಿಯಾ ಪಕ್ಕದಲ್ಲಿ ಕೂತಳು.

"ಫ್ಲೇವಿಯಕ್ಕ, ನೀವು ಅಲ್ಲೇ ಇದ್ರಿ" ಎಂದಳು ಗ್ರೀಷ್ಮಾ. "ನನಗೆ ಈ ಆಟ ಗೊತ್ತಿಲ್ಲ. ಅದು ಹಾಗೇ ಆಗ್ಲಿಕ್ಕುಂಟಾ?"

ಪೊಲೀಸನಿಗೆ ಹೇಳಿದ್ದನ್ನೇ ಇವಳಿಗೂ ಹೇಳಿದರೆ ಮುಗಿಯಿತು. ಮಗಳ ಶಾಲೆ, ಮನೆ, ವೀಸಾ, ಎಲ್ಲವೂ ಇದ್ದ ಹಾಗೇ ಇರುತ್ತವೆ.

"ಇಲ್ಲ" ಎಂದಳು ಫ್ಲೇವಿಯಾ. "ಚೆಂಡು ಅವನ ಕೈಯಲ್ಲಿ ಇರ್ಲಿಲ್ಲ. ಕೆನೆತ್ ಅದನ್ನು ನೋಡಿದ್ರು."

ಗ್ರೀಷ್ಮಾ ಅಳಲಿಲ್ಲ. ಚೀಲವನ್ನು ಕುರ್ಚಿಯ ಮೇಲಿಟ್ಟು ವಾರ್ಡಿನೊಳಗೆ ಹೋದಳು.

ಮರುದಿನ ಬೆಳಿಗ್ಗೆ ಕೆನೆತ್ ಅಡುಗೆಮನೆಯ ಮೇಜಿನ ಮುಂದೆ ಚಹಾ ಕುಡಿಯುತ್ತಿದ್ದ. ಬಲ ಮುಂದೋಳು ಊದಿತ್ತು. ಗ್ರೀಷ್ಮಾಳಿಗೆ ಹೇಳಿದ್ದನ್ನು ಫ್ಲೇವಿಯಾ ಅವನಿಗೆ ತಿಳಿಸಿದಳು. ಅವನು ಸಿಟ್ಟಾಗಬಹುದೆಂದು ಕಾದಳು. ಅವನು ಲೋಟ ಕೆಳಗಿಟ್ಟ.

"ಒಳ್ಳೆದಾಯ್ತು" ಎಂದ. "ನಾನೇ ಹೋಗಿ ಹೇಳ್ಬೇಕಿತ್ತು. ಇಡೀ ರಾತ್ರಿ ಬೇಜಾರು ಬರ್ಲಿ ಅಂತ ಕಾದೆ ಮಾರಾಯ್ತಿ. ಬರ್ಲೇ ಇಲ್ಲ."

"ಅವನು ಸತ್ತಿದ್ರೆ?"

"ಓಡುವಾಗ ಅದೂ ತಲೆಗೆ ಬಂದಿತ್ತು."

ಅವನು ಎದ್ದು ಲೋಟ ತೊಳೆದು ಕವುಚಿಟ್ಟ, ಯಾವತ್ತಿನ ಹಾಗೆ.

ಮಧ್ಯಾಹ್ನ ಗ್ರೀಷ್ಮಾ ಫೋನಿಗೆ ಒಂದು ಕಾಗದದ ಚಿತ್ರ ಕಳಿಸಿದಳು. ಬಾಯಿ ಕಟ್ಟಿಸಿಕೊಂಡಿದ್ದ ಸುಶಾಂತ್ ವಾರೆಯಾದ ಅಕ್ಷರಗಳಲ್ಲಿ ಬರೆದಿದ್ದ. "ಕೇಸು ಬೇಡ. ನಾಡಿದ್ದಿನೊಳಗೆ ರಾಜೀನಾಮೆ ಕೊಡಲಿ. ಇನ್ನು ನನ್ನ ಕಣ್ಣಿಗೆ ಬೀಳಬಾರದು." ಕೆನೆತ್ ಅದನ್ನು ಎರಡು ಸಲ ಓದಿ, ನಾಡಿದ್ದಿನವರೆಗೆ ಯಾಕೆ ಎಂದು ಅಂದೇ ಬರೆದುಕೊಟ್ಟು ಬಂದ. ಹನ್ನೆರಡು ವರ್ಷದ ಕೆಲಸದಿಂದ ಅವನು ಮನೆಗೆ ತಂದದ್ದು ಒಂದು ಊಟದ ಡಬ್ಬಿ, ಒಂದು ಜೊತೆ ಬೂಟು.

ಆಫೀಸಿನಲ್ಲಿ ರೂಬೆನ್ ಕುಣಿಯುವುದೊಂದು ಬಾಕಿ. ಗ್ಯಾಲರಿಯಿಂದ ಯಾರೋ ತೆಗೆದ ವಿಡಿಯೊ ಫೋನಿನಿಂದ ಫೋನಿಗೆ ಹಾರಿ ಇಡೀ ಖತಾರ್ ಸುತ್ತಿತ್ತು. ಮುಂದಿನ ತಿಂಗಳ ಪಂದ್ಯದ ಕುರ್ಚಿಗಳು ಎರಡು ದಿನದಲ್ಲಿ ಮುಗಿದವು. ಫ್ಲೇವಿಯಾ ಏನೂ ಮಾಡಬೇಕಾಗಿ ಬರಲಿಲ್ಲ. ಎಲೈಜಾ ಬಂದು ತರಬೇತಿಯ ಮೆತ್ತೆ, ಸೀಟಿ, ಜಾಕೆಟ್ಟುಗಳನ್ನು ಅವಳ ಮೇಜಿನ ಪಕ್ಕ ಇಟ್ಟ. ಇನ್ನು ತಾನು ಬರುವುದಿಲ್ಲ ಎಂದ. ಈ ಆಟದಲ್ಲಿ ಮೂಳೆ ಮುರಿಯುತ್ತದೆ, ತನ್ನದೇ ನಾಲ್ಕು ಮುರಿದಿವೆ, ಅದಕ್ಕೆ ತನಗೆ ಬೇಸರವಿಲ್ಲ ಎಂದು ನಿಧಾನವಾಗಿ, ಅವಳಿಗೆ ತಿಳಿಯುವಂಥ ಇಂಗ್ಲಿಷಿನಲ್ಲಿ ಹೇಳಿದ. ದೊಡ್ಡ ಪಂದ್ಯ ನಡೆಯುವಾಗ ತಾನು ಗ್ಯಾಲರಿಯಲ್ಲಿ ಹೋಗಿ ಕೂತಿದ್ದನಂತೆ. ಮುಂದೆ ಅಷ್ಟು ಚಂದದ ಆಟ ನಡೆಯುತ್ತಿದ್ದರೂ ಸುತ್ತ ಎಲ್ಲರೂ ತಲೆ ತಗ್ಗಿಸಿ ಫೋನಿನಲ್ಲಿ ಅದೇ ಏಟನ್ನು ನೋಡುತ್ತಿದ್ದರಂತೆ.

"ಚೆಂಡು ಎಲ್ಲಿತ್ತು ಅಂತ ಅವರಲ್ಲಿ ಒಬ್ಬನೂ ಕೇಳಲಿಲ್ಲ" ಎಂದ. ಬಾಗಿಲಲ್ಲಿ ತಿರುಗಿ, "ನಾನು ಬೇಡ ಅಂದ ಎರಡು ಸಲವೂ ನೀನೂ ಬೇಡ ಅನ್ನಬಹುದಿತ್ತು" ಎಂದು ಹೊರಟುಹೋದ. ಅವಳು ಮೆತ್ತೆಯನ್ನು ಸರಿಸಲು ಹೋದಳು. ಅದು ಎತ್ತಲಾಗದಷ್ಟು ಭಾರವಿತ್ತು.

ಮೂರು ವಾರದ ಮೇಲಿನ ಶುಕ್ರವಾರ ಕೆನೆತ್ ಮುಐದರ್‌ಗೆ ಹೊರಟ. ಬೇರೆ ಕಂಪನಿಯ ಕೆಲಸಕ್ಕೆ ಕಾಯುತ್ತಿದ್ದ ದಿನಗಳು. ಮನೆಯಲ್ಲಿ ಕೂತು ಕೂತು ಮೈ ಜಡ್ಡುಗಟ್ಟಿದೆ, ಒಂದು ಫುಟ್‌ಬಾಲ್ ಆಡಿ ಬರುತ್ತೇನೆ ಎಂದ. ಫ್ಲೇವಿಯಾ ತಾನೂ ಬರುತ್ತೇನೆಂದು ಜೊತೆಗೆ ಹೋದಳು. ಬಯಲಿನ ಬದಿಯಲ್ಲಿ ನಿಂತಿದ್ದವರು ಕೆನೆತ್‌ನನ್ನು ಕಂಡು ಜಾಗ ಬಿಟ್ಟರು. ಕೂತಿದ್ದ ಕೆಲವರು ಎದ್ದು ಬಂದು ಬೆನ್ನು ತಟ್ಟಿದರು. ರಹ್ಮತ್ ಮಾತ್ರ ಬೂಟಿನ ದಾರ ಕಟ್ಟುತ್ತ ತಲೆ ಎತ್ತಲಿಲ್ಲ.

ಕೆನೆತ್ ಹಿಂಬದಿಯಲ್ಲಿ ರಕ್ಷಣೆಗೆ ನಿಂತ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಎದುರು ತಂಡದ ಹುಡುಗನೊಬ್ಬ ಚೆಂಡು ತಳ್ಳುತ್ತ ವೇಗವಾಗಿ ಗೋಲಿನ ಕಡೆ ಬಂದ. ನಡುವೆ ಇದ್ದದ್ದು ಕೆನೆತ್ ಒಬ್ಬನೇ. ಕೆನೆತ್ ಎರಡು ಹೆಜ್ಜೆ ಮುಂದಿಟ್ಟ. ಹುಡುಗ ಅವನ ಬಲ ಮುಂದೋಳನ್ನು ನೋಡಿ ಓಟ ತಗ್ಗಿಸಿದ, ಆಮೇಲೆ ನಡೆದ, ಕೊನೆಗೆ ನಿಂತೇಬಿಟ್ಟ. ಯಾರೂ ಒದೆಯದ ಚೆಂಡು ಮಣ್ಣಿನ ಮೇಲೆ ತನ್ನಷ್ಟಕ್ಕೆ ಉರುಳುತ್ತ ಬಂದು ಕೆನೆತ್‌ನ ಕಾಲಿಗೆ ತಾಗಿ ನಿಂತಿತು. ಬಯಲಿನಲ್ಲಿ ಯಾರೂ ಓಡುತ್ತಿರಲಿಲ್ಲ. ಕೆನೆತ್ ಚೆಂಡನ್ನೊಮ್ಮೆ, ದೂರದಲ್ಲಿ ನಿಂತ ಹೆಂಡತಿಯನ್ನೊಮ್ಮೆ ನೋಡಿದ.