ಉಗ್ರಾಣದ ಕೀಲಿ

"ಎಲ್ಲೂ ಓಗಿಲ್ಲ ಕಣವ್ವ, ಕೀಲಿ ನನ್ನ ಉಡಿದಾರದಲ್ಲೇ ಜ್ವಾಪಾನ್ವಾಗಿ ಅದೆ," ಎಂದರು ಫೋನಿನಲ್ಲಿ ಕರಿಯಯ್ಯ. ಅವರಿದ್ದದ್ದು ತಿ. ನರಸೀಪುರದಲ್ಲಿ, ಯಾರದೋ ಗೃಹಪ್ರವೇಶದ ಬುದ್ಧವಂದನೆಗೆ. ಕೀಲಿ ಬೇಕಾದದ್ದು ನಂಜನಗೂಡಿನಲ್ಲಿ, ಬುದ್ಧವಿಹಾರದ ಹೆಣ್ಣುಮಕ್ಕಳ ಹಾಸ್ಟೆಲಿನ ಉಗ್ರಾಣಕ್ಕೆ.

ಇಂದ್ರಾಣಿಗೆ ಮೈಯೆಲ್ಲ ಉರಿಯಿತು. "ಇವತ್ತು ಎಸ್ಸೆಸ್ಸೆಲ್ಸಿ ಪರೀಕ್ಷೆ ಅಣ್ಣ. ಮಕ್ಳು ಖಾಲಿ ಒಟ್ಟೇಲಿ ಓಗ್ಬೇಕಾ?"

"ಸಿಕ್ಕಿದ್ ಬಸ್ಸಿಗೆ ಅತ್ಬುಡ್ತೀನಿ. ಒಸಿ ತಡ್ಕೊ."

ತಡೆದುಕೊಳ್ಳುವುದು ಇನ್ನೇನು ಉಳಿದಿತ್ತು! ಹಾಸ್ಟೆಲ್ ಕಟ್ಟಿ ಬೆಳೆಸಿದ ಕರಿಯಯ್ಯ ಹೋದ ತಿಂಗಳಷ್ಟೇ ನಿವೃತ್ತರಾಗಿ, ಟ್ರಸ್ಟಿನ ಅಧ್ಯಕ್ಷಗಿರಿಯನ್ನು ಇಂದ್ರಾಣಿಗೆ ಒಪ್ಪಿಸಿದ್ದರು. ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ವೇದಿಕೆಯ ಮೇಲೆ ಚಿನ್ನದ ಬಣ್ಣ ಬಳಿದ ಮೊಳದುದ್ದದ ಥರ್ಮಾಕೋಲ್ ಕೀಲಿ ಕೊಟ್ಟಿದ್ದರು. ಚಪ್ಪಾಳೆಯೂ ಬಿದ್ದಿತ್ತು. ನಿಜವಾದ ಕೀಲಿ ಕೊಡಲು ಅವರು ಮರೆತರು, ಕೇಳಲು ಇವಳಿಗೆ ಬಾಯಿ ಬರಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಅವರೇ ಬಂದು ಬೀಗ ತೆಗೆದು, ರವೆ ಅಕ್ಕಿ ಅಳೆಸಿ, ಮತ್ತೆ ಬೀಗ ಜಡಿದು ಹೋಗುತ್ತಿದ್ದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆ, ದೇವರೇ ಇಲ್ಲದ ವಿಹಾರದಲ್ಲೂ ನಿಜವಾಗಿತ್ತು.

ಅಡುಗೆಯ ಪುಟ್ಟಲಕ್ಷ್ಮಿ ಎಸರಿಟ್ಟು ಕೈಕಟ್ಟಿ ನಿಂತಿದ್ದಳು. ಹುಡುಗಿಯರು ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಪುಸ್ತಕ ಹಿಡಿದು ಸಾಲಾಗಿ ಕೂತಿದ್ದರು.

"ಗುಂಡುಕಲ್ಲು ತಾ," ಎಂದಳು ಇಂದ್ರಾಣಿ.

"ಅಯ್ಯೋ, ಅಣ್ಣಯ್ಯ ಬಯ್ಯಾಕಿಲ್ವಾ?"

"ಬಯ್ಲಿ. ನಾನಿವ್ನಿ."

ಬೀಗವೂ ಕರಿಯಯ್ಯನಷ್ಟೇ ಗಟ್ಟಿ. ಕೈ ತರಚಿತು. ಆದರೂ ಉಪ್ಪಿಟ್ಟು ಹೊತ್ತಿಗೆ ಸರಿಯಾಗಿ ಬೆಂದಿತು.

ಹುಡುಗಿಯರು ಹೋದ ಮೇಲೆ ಕರಿಯಯ್ಯ ಬೆವರುತ್ತ ಬಂದರು. ಜಜ್ಜಿಹೋದ ಬೀಗ ನೋಡಿ ಅವರ ಮುಖ ಸಣ್ಣದಾಯಿತು. "ಒಡ್ದಾಕ್ಬುಟ್ಯಾ?" ಎಂದವರು, ತೊಳೆದಿಟ್ಟ ತಟ್ಟೆಗಳ ಕಡೆ ನೋಡಿ, "ಮಕ್ಳು ಉಂಡ್ವಾ?" ಎಂದರು.

"ಉಂಡ್ವು."

ಅವರು ಬಂದ ದಾರಿಯಲ್ಲೇ ಹೊರಟುಹೋದರು. ಹಳ್ಳಿ ಹಳ್ಳಿ ತಿರುಗಿ ಅಕ್ಕಿ ಎತ್ತಿ ಈ ಮಕ್ಕಳನ್ನು ಸಾಕಿದ ಮನುಷ್ಯ. ಇಂದ್ರಾಣಿ ಬಾಗಿಲಿಗೆ ಬಂದು ಅವರು ಬೀದಿ ತಿರುಗುವವರೆಗೂ ನೋಡಿದಳು.

ಮಧ್ಯಾಹ್ನ ಅವರೇ ಬಜಾರಿನಿಂದ ಹೊಸ ಬೀಗ ಕೊಂಡು ಬಂದರು. ಕರಿಯಯ್ಯ ಅದನ್ನು ಎರಡು ಕೀಲಿಯೊಂದಿಗೆ ಮೇಜಿನ ಮೇಲಿಟ್ಟು, "ತಕವ್ವ, ಇನ್ಮೇಲೆ ಎಲ್ಲಾ ನಿಂದೆ," ಎಂದರು.

ಇಂದ್ರಾಣಿಯ ಕಣ್ಣು ತುಂಬಿ ಬಂತು. ಆಮೇಲೆ ಬೀಗದ ಡಬ್ಬಿ ತಿರುಗಿಸಿ, ಮೇಲೆ ಬರೆದದ್ದನ್ನು ಓದಿದಳು.

"ಇದರ ಜೊತೆ ಮೂರು ಕೀಲಿ ಬತ್ತವೆ ಅಣ್ಣ," ಎಂದು ಕೈ ಚಾಚಿದಳು.

ಕರಿಯಯ್ಯ ಗೋಡೆಯ ಕಡೆ ತಿರುಗಿ, ಅಂಗಿ ಎತ್ತಿ, ಉಡಿದಾರಕ್ಕೆ ಕೈ ಹಾಕಿದರು. ಗಂಟು ಬಿಗಿಯಾಗಿ ಬಿದ್ದಿತ್ತು. ಇಂದ್ರಾಣಿ ಚಾಚಿದ ಕೈ ಹಿಂದಕ್ಕೆ ತೆಗೆಯದೆ ನಿಂತಳು.