ದಾರಿಹೋಕರ ತಟ್ಟೆ

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ನಮ್ಮ ಬೆಟ್ಟದ ಹಳ್ಳಿಯಲ್ಲಿ ಯಾರ ಮನೆಯ ಮೇಜು ನೋಡಿದರೂ ಒಂದು ತಟ್ಟೆ ಹೆಚ್ಚಿಗೆ ಇರುತ್ತದೆ. ದಾರಿ ತಪ್ಪಿ ಬಂದವರಿಗೆ ಅಂತ. ಬಂದವನು ಯೇಸುವೇ ಇದ್ದರೂ ಇರಬಹುದು. ಆದರೆ ಬಂದವರುಂಟೇ? ಪೋಲೆಂಡಿನ ಈ ಮೂಲೆಗೆ, ಮೊಣಕಾಲುದ್ದ ಹಿಮದಲ್ಲಿ, ಯಾವ ಪುಣ್ಯಾತ್ಮ ಬರಬೇಕು!

ಈ ಸಲ ಪಾದ್ರಿಗಳು ಬೆಳಗಿನ ಪೂಜೆಯಲ್ಲಿ ಅದನ್ನೇ ಎತ್ತಿದರು. "ಎಲ್ರೂ ತಟ್ಟೆ ಇಟ್ಕೊಂಡು ಕಾಯ್ತೀರಿ. ಎದ್ದು ಹೋಗಿ ಬಾಗಿಲು ತಟ್ಟೋರು ಯಾರ್ರಪ್ಪಾ? ನಂಬಿಕೆ ಬೇಕಾಗೋದು ಅದಕ್ಕೆ." ಜನ ನಕ್ಕರು. ಗೆನೊವೆಫಾ ನಗಲಿಲ್ಲ.

ಅವಳಿಗೆ ಕೊಟ್ಟು ಗೊತ್ತೇ ಹೊರತು ಕೇಳಿ ಗೊತ್ತಿಲ್ಲ. ಇನ್ನೊಬ್ಬರ ಮನೆಯಲ್ಲಿ ಒಂದು ಲೋಟ ಚಹಾ ಕುಡಿದವಳಲ್ಲ. ಅದರಲ್ಲೂ ಹಳ್ಳದಾಚೆಯ ಅಕ್ಕ ಲುಡ್ವಿಕಾಳ ಮನೆ! ಕಾಯಿಲೆ ಬಿದ್ದ ಅಮ್ಮನನ್ನು ಅಕ್ಕ ತನ್ನಲ್ಲಿಗೆ ಕರೆದೊಯ್ದಳು, ಅಮ್ಮ ಅಲ್ಲೇ ತೀರಿಕೊಂಡಳು. "ಅಮ್ಮನ್ನ ನನ್ನಿಂದ ಕಿತ್ಕೊಂಡೆ. ಇನ್ನು ನಿನ್ನ ಹೊಸ್ತಿಲು ತುಳಿಯಲ್ಲ" ಎಂದು ಮಣ್ಣು ಮಾಡಿದ ದಿನವೇ ಗೆನೊವೆಫಾ ಕೂಗಾಡಿದ್ದಳು. ಆಮೇಲೆ ಮಾತಿಲ್ಲ, ಕತೆಯಿಲ್ಲ. ಮೊನ್ನೆ ಚರ್ಚಿನಲ್ಲಿ ಅಕ್ಕ ಬೆಂಚು ಹಿಡಿದು ಏಳುವುದನ್ನು ಕಂಡು ಕರುಳು ಚುರುಕ್ ಎಂದಿತ್ತು. ಇನ್ನೊಂದು ಕ್ರಿಸ್‌ಮಸ್ ಸಿಗದೇ ಹೋದರೆ?

ಮೊದಲ ನಕ್ಷತ್ರ ಮೂಡಿತು; ಹಬ್ಬದ ಊಟಕ್ಕೆ ಕೂರುವ ಹೊತ್ತು. ಯೇಸು ಹುಟ್ಟಿದ ಗೋದಲಿಯ ನೆನಪಿಗೆ ಮೇಜುಬಟ್ಟೆಯ ಕೆಳಗೆ ಒಣಹುಲ್ಲು ಹರಡಿ, ಎರಡು ತಟ್ಟೆ ಇಟ್ಟು ಗೆನೊವೆಫಾ ಒಬ್ಬಳೇ ಕುಳಿತಳು. ಊಟಕ್ಕೆ ಮುಂಚೆ ಮನೆಮಂದಿಯೆಲ್ಲ ಮುರಿದು ಹಂಚಿಕೊಳ್ಳುವ, ಹಪ್ಪಳದಂಥ ಬಿಳಿ ರೊಟ್ಟಿ ಕೈಯಲ್ಲಿತ್ತು. ಯಾರ ಜೊತೆ ಮುರಿಯುವುದು? ಸಟ್ಟನೆ ಎದ್ದು ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟಳು. ಬಾಗಿಲಿಗೆ ಚಿಲಕ ಹಾಕಲಿಲ್ಲ; ಯಾರಾದರೂ ಬಂದರೆ ಉಣ್ಣಲಿ.

ಹೊರಗೆ ಹಿಮ ನೀಲಿಯಾಗಿತ್ತು. ಅವಳ ಹೆಜ್ಜೆಯ ಸದ್ದು ಹಿಂದೆಲ್ಲೋ ದೂರದಲ್ಲಿ ಕೇಳುತ್ತಿತ್ತು. ಕಿಟಕಿ ಕಿಟಕಿಯಲ್ಲೂ ದೀಪ, ದೀಪದ ಬಳಿ ಒಂದೊಂದು ಖಾಲಿ ಕುರ್ಚಿ. ಕುರ್ಚಿಗಳೆಲ್ಲ ತನ್ನನ್ನೇ ನೋಡುತ್ತಿವೆ ಅನ್ನಿಸಿತು. ಅಮ್ಮ ಪಕ್ಕದಲ್ಲೇ ನಡೆದು ಬರುತ್ತಿದ್ದಳು; ಶಾಲಿನಿಂದ ಒಣ ಅಣಬೆಯ ವಾಸನೆ ಬಂತು. ನೋಡಿದರೆ ಎಲ್ಲಿ ಕರಗಿಹೋಗುತ್ತಾಳೋ ಎಂದು ಗೆನೊವೆಫಾ ತಿರುಗಲೇ ಇಲ್ಲ. ಹಳ್ಳದ ಸೇತುವೆ ದಾಟಿದ್ದೂ ತಿಳಿಯಲಿಲ್ಲ.

ಬಾಗಿಲು ತಟ್ಟಿದಳು.

"ಯಾರದು?"

"ದಾರಿಹೋಕಳು."

ಲುಡ್ವಿಕಾ ಬಾಗಿಲು ತೆರೆದು ತಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. "ಹೊಸ್ತಿಲು ತುಳಿಯಲ್ಲ ಅಂದಿದ್ಯಲ್ಲೇ?"

"ಅಂದಿದ್ದೆ." ಗೆನೊವೆಫಾ ಹೊಸ್ತಿಲಿನ ಹೊರಗೇ ನಿಂತಿದ್ದಳು. "ಹಸಿವಾಗಿದೆ ಅಕ್ಕ. ಒಂದು ತುತ್ತು ಹಾಕ್ತೀಯಾ?" ಹುಟ್ಟಿದಾಗಿನಿಂದ ಯಾರನ್ನೂ ಕೇಳದ ಮಾತು ಅದು.

"ಬೂಟಿನ ಹಿಮ ಕೊಡವಿ ಬಾ. ಬೀಟ್‌ರೂಟ್ ಸಾರು ಆರ್ತಿದೆ."

ಮೇಜಿನ ಮೇಲೆ ಅಲ್ಲೂ ಎರಡೇ ತಟ್ಟೆ. ಗೆನೊವೆಫಾ ಮುದುಡಿಕೊಂಡು ಖಾಲಿ ಕುರ್ಚಿಯತ್ತ ಹೋದಳು.

"ಏಯ್, ಅಲ್ಲಿ ಕೂರಬೇಡ! ಅದು ದಾರಿಹೋಕರ ಜಾಗ."

ಅವಳು ಬಾಗಿಲತ್ತ ತಿರುಗಿದಳು. ಅಷ್ಟರಲ್ಲಿ ಲುಡ್ವಿಕಾ ಗೋಡೆ ಹಿಡಿದುಕೊಂಡು ಹೋಗಿ ಕಪಾಟಿನಿಂದ ಮೂರನೆಯ ತಟ್ಟೆ ತೆಗೆದಳು.

"ನೀನ್ಯಾವ ಸೀಮೆ ದಾರಿಹೋಕಳೇ? ಮನೆಯವಳು. ಬಾ, ನನ್ನ ಪಕ್ಕ ಕೂತ್ಕೋ."

ರೊಟ್ಟಿ ಮುರಿಯುವಾಗ ಇಬ್ಬರೂ ಅತ್ತರು. ದಾರಿಹೋಕರ ತಟ್ಟೆ ಈ ವರ್ಷವೂ ಖಾಲಿಯೇ ಉಳಿಯಿತು.